ಆ್ಯಪ್‌ಗೆ ಸಹಿ ಹಾಕುವ ಮೊದಲು ಒಂದು ಗಂಟೆ ಕೂತು ನೋಡಿ: ಪಾರಂಪರಿಕ ತಾಣಗಳ ಹೊಣೆ ಹೊತ್ತ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹಳೆಯ ಕೋಟೆ, ಅರಮನೆ, ಗುಹೆ, ಪಾಳುಬಿದ್ದ ನಗರಗಳೆಲ್ಲ ನಿಮ್ಮ ಖಾತೆಗೆ ಬರುತ್ತವೆ. ಅವುಗಳಿಗೆ ಹೊಸ ಕಳೆ ಕೊಡುತ್ತೇವೆ ಅನ್ನುವ ಪ್ರಸ್ತಾವಗಳೂ ನಿಮ್ಮ ಮೇಜಿಗೆ ಬಂದು ಕೂತಿರುತ್ತವೆ. ಆ್ಯಪ್ ಮಾಡೋಣ, ಕ್ಯೂಆರ್ ಕೋಡ್ ಅಂಟಿಸೋಣ, ಸೌಂಡ್ ಆ್ಯಂಡ್ ಲೈಟ್ ಶೋ ಹಾಕೋಣ, ಕಣ್ಣು ಪೂರ್ತಿ ಮುಚ್ಚಿ ಒಳಗೇ ಕೃತಕ ದೃಶ್ಯ ತೋರಿಸುವ ವಿಆರ್ ಕನ್ನಡಕ ಕೊಡೋಣ. ಇವುಗಳಲ್ಲಿ ಯಾವುದಕ್ಕಾದರೂ ಸಹಿ ಹಾಕುವ ಮೊದಲು ಒಂದು ಸಣ್ಣ ಕೆಲಸ ಮಾಡಿ ಅಂತ ಕೇಳಿಕೊಳ್ಳಲು ಈ ಪತ್ರ. ಯಾವುದಾದರೂ ಒಂದು ತಾಣಕ್ಕೆ ಹೋಗಿ, ಒಂದು ಗಂಟೆ ಸುಮ್ನೆ ಕೂತು, ಬಂದವರು ಏನು ಮಾಡುತ್ತಾರೆ ನೋಡಿ. ಮೊದಲೇ ಹೇಳಿ ಹೋಗಬೇಡಿ. ಹೇಳಿ ಹೋದರೆ ಬೋರ್ಡು ಒರೆಸಿ ಇಟ್ಟಿರುತ್ತಾರೆ.

ನಾನು ಹಾಗೆ ಕೂತಿದ್ದೆ, ಒಂದು ಹಳೆಯ ಕೋಟೆಯಲ್ಲಿ. ಯಾವ ಕೋಟೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಬಾಗಿಲ ಪಕ್ಕ ದೊಡ್ಡ ಸ್ಟೀಲ್ ಬೋರ್ಡು. ನೆರಳಿದ್ದದ್ದು ಎದುರಿನ ಗೋಡೆಗೆ, ಅಲ್ಲೇ ಒರಗಿ ಕೂತೆ. ಜನ ಬರುತ್ತಿದ್ದರು, ಬೋರ್ಡಿನ ಮುಂದೆ ನಿಲ್ಲುತ್ತಿದ್ದರು, ಬಿಸಿಲಿಗೆ ಸ್ಟೀಲು ಹೊಳೆದು ಕಣ್ಣು ಕಿರಿದು ಮಾಡುತ್ತಿದ್ದರು, ಎರಡನೇ ಸಾಲಿಗೆ ಬರುವಷ್ಟರಲ್ಲಿ ಹೊರಟುಬಿಡುತ್ತಿದ್ದರು. ಅದರಲ್ಲಿದ್ದದ್ದಾದರೂ ಏನು? ಗೋಡೆಯ ಉದ್ದ, ಎತ್ತರ, ಯಾವ ರಾಜನ ಕಾಲ, ಅವನಾದ ಮೇಲೆ ಯಾರು, ಕಟ್ಟಡದ ಶೈಲಿ. ಕೆಳಗೊಂದು ಕ್ಯೂಆರ್ ಕೋಡ್. ಇಬ್ಬರು ಮೂವರು ಫೋನ್ ಹಿಡಿದರು, ನೆಟ್‌ವರ್ಕ್ ಬರಲಿಲ್ಲ. ಅಷ್ಟು ದಪ್ಪ ಕಲ್ಲಿನ ಗೋಡೆಗಳ ನಡುವೆ ಎಲ್ಲಿಂದ ಬರಬೇಕು?

ಆಗ ಏಳೆಂಟು ವರ್ಷದ ಒಬ್ಬಳು ಹುಡುಗಿ ಅಪ್ಪನನ್ನು ಕೇಳಿದಳು: "ಇಲ್ಲಿದ್ದವರು ನೀರು ಎಲ್ಲಿಂದ ತರ್ತಿದ್ರು?" ಅಪ್ಪ ಬೋರ್ಡಿನಲ್ಲಿ ಹುಡುಕಿದ. ಅದರಲ್ಲಿ ನೀರಿನ ಸುದ್ದಿಯೇ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಕಾವಲುಗಾರ "ಬನ್ನಿ" ಅಂತ ಮೂಲೆಯ ಬಾವಿಗೆ ಕರೆದುಕೊಂಡು ಹೋದ. ಬಾವಿಕಟ್ಟೆಯ ಕಲ್ಲಿನ ಅಂಚಿನಲ್ಲಿ ಸಾಲಾಗಿ ಗೀರುಗಳು, ಒಂದೊಂದೂ ಬೆರಳು ಮುಳುಗುವಷ್ಟು ಆಳ. "ಬೆರಳಿಡು" ಅಂದ. ಹುಡುಗಿ ಇಟ್ಟಳು. "ಇದನ್ನ ಕೊರೆದಿದ್ದು ಹಗ್ಗ. ದಿನಾ ಎಳೆದೂ ಎಳೆದೂ ಕಲ್ಲೇ ಸವೆದುಹೋಗಿದೆ." ಹುಡುಗಿ ಬೆರಳನ್ನು ಗೀರಿನಲ್ಲೇ ಆ ಕಡೆ ಈ ಕಡೆ ಓಡಿಸಿದಳು. ಬೋರ್ಡಿನ ಮುಂದೆ ಇದ್ದವರೆಲ್ಲ ಅಲ್ಲಿಗೆ ಬಂದರು. ಒಬ್ಬೊಬ್ಬರಾಗಿ ಬೆರಳಿಟ್ಟು ನೋಡಿದರು, ನಾನೂ ಇಟ್ಟೆ.

ಸಚಿವರೇ, ನಾವು ಬಹಳ ಸಲ ಕೆಲಸ ತಿರುವುಮುರುವು ಮಾಡುತ್ತೇವೆ. ಮೊದಲು ಸಾಧನ ಕೊಂಡು, ಆಮೇಲೆ ಅದರೊಳಗೆ ಏನು ತುಂಬೋಣ ಅಂತ ಯೋಚಿಸುತ್ತೇವೆ. ಕೇಳಬೇಕಾದ್ದು ಬೇರೆ. ಈ ಜಾಗದಲ್ಲಿ ನಿಂತವನಿಗೆ ಯಾವ ಪ್ರಶ್ನೆ ಬರುತ್ತದೆ? ಉತ್ತರ ಅಲ್ಲೇ ಕಣ್ಣೆದುರು ಇದೆಯಾ, ಇಲ್ಲವಾ? ಇದ್ದರೆ ಬೆರಳು ಮಾಡಿ ತೋರಿಸಿದರೆ ಸಾಕು. ಇಲ್ಲದಿದ್ದರೆ ಮಾತ್ರ ಚಿತ್ರವೋ, ದನಿಯೋ, ಮಾದರಿಯೋ ಬೇಕಾಗುತ್ತದೆ.

ಇದೇನು ನಾನು ಕಂಡುಹಿಡಿದ ಮಾತಲ್ಲ. ತಾಣದ ಅರ್ಥವನ್ನು ನೋಡುಗರಿಗೆ ಹೇಗೆ ಬಿಡಿಸಿ ಹೇಳಬೇಕು ಅನ್ನುವುದಕ್ಕೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗಾಗಿ ಲೇಖಕ ಫ್ರೀಮನ್ ಟಿಲ್ಡನ್ 1957ರಲ್ಲೇ ಆರು ಸೂತ್ರ ಕೊಟ್ಟಿದ್ದರು. ಬರೀ ಮಾಹಿತಿ ಕೊಟ್ಟರೆ ಅರ್ಥ ಬಿಡಿಸಿ ಹೇಳಿದಂತಾಗದು ಅನ್ನುವುದು ಅವುಗಳಲ್ಲೊಂದು. ನನಗೆ ಜಾಸ್ತಿ ಇಷ್ಟವಾದದ್ದು ಮಕ್ಕಳ ಕುರಿತದ್ದು. ದೊಡ್ಡವರ ಮಾತಿಗೆ ನೀರು ಬೆರೆಸಿ ಮಕ್ಕಳಿಗೆ ಕೊಟ್ಟರೆ ನಡೆಯದು, ಅವರಿಗೆ ಬೇರೆಯದೇ ದಾರಿ ಬೇಕು ಅನ್ನುತ್ತಾರೆ ಟಿಲ್ಡನ್. ಆ ಹುಡುಗಿಯ ಬೆರಳು ನೆನಪಾಗುತ್ತದೆ, ಅಲ್ವಾ?

ಹಾಗಂತ ಯಂತ್ರಗಳೇ ಬೇಡ ಅನ್ನುವವನು ನಾನಲ್ಲ. ಸೌಂಡ್ ಆ್ಯಂಡ್ ಲೈಟ್ ಶೋ ಮತ್ತು ಆಡಿಯೊ ಗೈಡ್ ಒಂದೇ ವಯಸ್ಸಿನವು. ಮೊದಲನೆಯದು 1952ರಲ್ಲಿ ಫ್ರಾನ್ಸ್‌ನ ಶಾಂಬೋರ್ ಅರಮನೆಯಲ್ಲಿ ಶುರುವಾಯಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂ ರೇಡಿಯೊ ಅಲೆಗಳ ಮೂಲಕ ನೋಡುಗರ ಕಿವಿಗೆ ವಿವರಣೆ ಕಳಿಸಿತು. ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಮಾತು ಕೇಳುತ್ತಿದ್ದರಿಂದ ಇಡೀ ಗುಂಪು ಒಟ್ಟಿಗೆ ಹೆಜ್ಜೆ ಹಾಕಬೇಕಿತ್ತು. ಕ್ಯೂಆರ್ ಕೋಡ್ ಇನ್ನೂ ಚಿಕ್ಕದು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು. ಸಾಧನಕ್ಕೆ ತನ್ನದೇ ಆದ ಕಥೆ ಗೊತ್ತಿರುವುದಿಲ್ಲ, ನಾವೇ ಕೊಡಬೇಕು.

ಆಡಿಯೊ ಗೈಡನ್ನೇ ನೋಡಿ. ಬಹುಪಾಲು ಕಡೆ ಅದರಲ್ಲಿ ಯಾರೋ ಬೋರ್ಡನ್ನೇ ಗಟ್ಟಿಯಾಗಿ ಓದುತ್ತಿರುತ್ತಾರೆ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಆಲ್ಕಟ್ರಾಜ್ ಜೈಲಿನಲ್ಲಿ ಕೇಳುವುದು ಅಲ್ಲಿ ಕಾವಲಿದ್ದವರ, ಕೈದಿಗಳಾಗಿದ್ದವರ ದನಿ. ಖಾಲಿ ಕೋಣೆಯ ಮುಂದೆ ನಿಂತಾಗ, ಅಂಥ ಕೋಣೆಯಲ್ಲಿ ಇದ್ದವನೇ ಕಿವಿಯಲ್ಲಿ ಮಾತಾಡುತ್ತಾನೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪ. ಅಲ್ಲಿ ರಾಜಕೀಯ ಕೈದಿಗಳಾಗಿದ್ದವರೇ ಜೈಲನ್ನು ತೋರಿಸುವ ಗೈಡ್‌ಗಳಾದರು. ಅದರ ಮುಂದೆ ಯಾವ ಆ್ಯಪ್ ನಿಲ್ಲುತ್ತದೆ ಹೇಳಿ. ಆದರೆ ಅವರೂ ಒಂದಿನ ಇರುವುದಿಲ್ಲ. ಆದ್ದರಿಂದಲೇ ದನಿ ಹಿಡಿದಿಡುವ ಯಂತ್ರವೂ ಬೇಕು.

ಬಿದ್ದುಹೋದ ಕಟ್ಟಡಕ್ಕೆ ಇನ್ನೊಂದು ಕಷ್ಟ. ಪೂರ್ತಿ ಇದ್ದಾಗ ಹೇಗಿತ್ತು ಅಂತ ಜನ ಕೇಳುತ್ತಾರೆ. ಇದಕ್ಕೆ ಫೋನ್ ಎತ್ತಿ ಹಿಡಿದರೆ ಕಟ್ಟಡ ಎದ್ದು ನಿಲ್ಲುವ ಆ್ಯಪ್‌ಗಳಿವೆ, ಚೆನ್ನಾಗಿಯೂ ಇವೆ. ಆದರೆ ಆಸ್ಟ್ರಿಯಾದ ಕಾರ್ನುಂಟಮ್‌ನಲ್ಲಿ ಹೈಡೆಂಟೋರ್ ಅನ್ನುವ ಅರ್ಧ ಬಿದ್ದ ರೋಮನ್ ಕಮಾನಿದೆ. ಅಲ್ಲಿ ಮಾಡಿರುವುದು ಇಷ್ಟೇ: ಕಮಾನಿನ ಎದುರು ಒಂದು ಪಾರದರ್ಶಕ ಫಲಕ, ಅದರ ಮೇಲೆ ಪೂರ್ತಿ ಕಟ್ಟಡದ ಗೆರೆಚಿತ್ರ. ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಗೆರೆಗಳು ಉಳಿದ ಕಲ್ಲಿನ ಮೇಲೆ ಹೋಗಿ ಕೂರುತ್ತವೆ. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ, ಅಪ್‌ಡೇಟ್ ಬೇಡ. ಆಗಾಗ ಒರೆಸಿದರೆ ಸಾಕು. ನನಗೆ ಗೊತ್ತಿರುವ ಸಾಧನಗಳಲ್ಲಿ ಇಷ್ಟು ಜಾಣತನದ್ದು ಇನ್ನೊಂದಿಲ್ಲ.

ವಿಆರ್ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಅಷ್ಟು ದೂರ ಬಂದು ನಿಜವಾದ ಗೋಡೆಯ ಮುಂದೆ ಕಣ್ಣು ಮುಚ್ಚಿಕೊಂಡು ನಿಲ್ಲುವುದು ಯಾಕೆ? ಆದರೆ ಒಳಗೆ ಬಿಡಲಾಗದ ಜಾಗಗಳಿಗೆ, ಮೆಟ್ಟಿಲು ಹತ್ತಲಾಗದವರಿಗೆ ಅದು ದೊಡ್ಡ ಉಪಕಾರ. ಫ್ರಾನ್ಸ್‌ನ ಲಾಸ್ಕೊ ಗುಹೆಯ ಕಥೆ ನಿಮಗೆ ಗೊತ್ತಿರಬಹುದು. ಆದಿಮಾನವರು ಗೋಡೆಗಳ ಮೇಲೆ ಚಿತ್ರ ಬಿಡಿಸಿದ, 1940ರಲ್ಲಿ ಸಿಕ್ಕಿದ ಆ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದರು. ನೋಡುಗರ ಉಸಿರು, ಬೆವರಿನ ತೇವ, ದೀಪದ ಬೆಳಕು ಸೇರಿ ಗೋಡೆಗಳ ಮೇಲೆ ಪಾಚಿ ಬೆಳೆಯಿತು. 1963ರಲ್ಲಿ ಮುಚ್ಚಬೇಕಾಯಿತು. 1983ರಲ್ಲಿ ಪಕ್ಕದಲ್ಲೇ ಮುಖ್ಯ ಭಾಗಗಳ ಪ್ರತಿರೂಪ ಕಟ್ಟಿದರು, 2016ರಲ್ಲಿ ಇನ್ನೂ ದೊಡ್ಡದನ್ನು ತೆರೆದರು. ಅಲ್ಲಿ ನಕಲು ಬಂದದ್ದು ಅಸಲನ್ನು ಉಳಿಸಲು. ಇದಕ್ಕೆ ಯಾರೂ ಬೇಡ ಅನ್ನಲಾರರು.

ಗೈಡ್‌ಗಳ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಆ ಕಾವಲುಗಾರನನ್ನು ನಾನು ಹೊಗಳಿದ್ದು ನೋಡಿ ಬರೀ ಗೈಡ್ ಸಾಕು ಅಂದುಕೊಂಡೀರಿ. ಎರಡನೇ ಶತಮಾನದಲ್ಲಿ ಗ್ರೀಸ್ ಸುತ್ತಿದ ಪಾಸೇನಿಯಸ್ ಆರ್ಗೋಸ್ ಊರಿನ ಗೈಡ್‌ಗಳ ಬಗ್ಗೆ ಬರೆದಿದ್ದಾನೆ. ತಾವು ಹೇಳುವುದೆಲ್ಲ ನಿಜವಲ್ಲ ಅಂತ ಅವರಿಗೇ ಗೊತ್ತಿತ್ತಂತೆ, ಆದರೂ ಹೇಳುವುದು ಬಿಡುತ್ತಿರಲಿಲ್ಲವಂತೆ. ಇವತ್ತಿಗೂ ಎಷ್ಟೋ ಕೋಟೆಗಳಲ್ಲಿ ಒಂದು ಗುಪ್ತ ಸುರಂಗ ಇರುತ್ತದೆ, ಅದು ನೇರವಾಗಿ ದೂರದ ಇನ್ನೊಂದು ಕೋಟೆಗೆ ಹೋಗುತ್ತದೆ! ತಪ್ಪು ಗೈಡ್‌ನದ್ದಲ್ಲ. ಅವನಿಗೆ ಯಾರೂ ನಿಜವಾದ ಕಥೆ ಕಲಿಸಿಲ್ಲ, ಅಗೆತದಲ್ಲಿ ಹೊಸದಾಗಿ ಸಿಕ್ಕಿದ್ದನ್ನು ತಿಳಿಸಿಲ್ಲ. ಸುರಂಗ ಅಂದಾಗ ಜನರ ಮುಖ ಅರಳುವುದು ಅವನಿಗೆ ಕಾಣುತ್ತದೆ, ಹೇಳುತ್ತಾನೆ. ಬಾವಿಯ ಗೀರು ತೋರಿಸಿದರೂ ಮುಖ ಅರಳುತ್ತದೆ ಅಂತ ಅವನಿಗೆ ತರಬೇತಿ ಕೊಡುವವರು ಬೇಕು. ಕೊಟ್ಟ ಮೇಲೆ ವರ್ಷಕ್ಕೊಮ್ಮೆಯಾದರೂ ಮತ್ತೆ ಕೂರಿಸಿ ಮಾತಾಡಬೇಕು.

ಇನ್ನು ರಿಪೇರಿ. ಪ್ರಸ್ತಾವಗಳಲ್ಲಿ ಉದ್ಘಾಟನೆಯ ದಿನ ಇರುತ್ತದೆ, ಅದರ ಮಾರನೇ ವರ್ಷ ಇರುವುದಿಲ್ಲ. ಕೆಟ್ಟು ನಿಂತ ಟಚ್ ಸ್ಕ್ರೀನ್ ಮೇಲೆ "ಶೀಘ್ರದಲ್ಲೇ" ಅಂತ ಬರೆದ ಚೀಟಿಯನ್ನು ನೀವೂ ಎಲ್ಲೋ ನೋಡಿರುತ್ತೀರಿ. ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿ ಇಕೊಮೊಸ್ 2008ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ, ತಾಣಗಳನ್ನು ಜನರಿಗೆ ಹೇಗೆ ವಿವರಿಸಬೇಕು ಅನ್ನುವ ವಿಷಯಕ್ಕೇ ಒಂದು ಸನ್ನದು ಒಪ್ಪಿಕೊಂಡಿತು. ತಾಣದಲ್ಲಿ ಕಾಯಂ ಆಗಿ ಕೂರಿಸುವ ಯಾವುದೇ ತಾಂತ್ರಿಕ ಸಾಧನವನ್ನು ನಿಯಮಿತವಾಗಿ ರಿಪೇರಿ, ನಿರ್ವಹಣೆ ಮಾಡಲು ಆಗುವಂತೆಯೇ ಮಾಡಬೇಕು ಅಂತ ಅದರಲ್ಲಿದೆ. ಮರುರೂಪದ ಚಿತ್ರಗಳು ಊಹೆಯ ಮೇಲಲ್ಲ, ಆಧಾರದ ಮೇಲೆ ನಿಲ್ಲಬೇಕು ಅಂತಲೂ ಇದೆ. ನಿಮ್ಮ ಕಚೇರಿಯಲ್ಲಿ ಆ ಸನ್ನದಿನ ಒಂದು ಪ್ರತಿ ಇದ್ದರೆ ಟೆಂಡರ್ ಬರೆಯುವವರ ಮೇಜಿಗೆ ಕಳಿಸಿ.

ನನ್ನ ಬೇಡಿಕೆ ದೊಡ್ಡದಲ್ಲ. ಒಂದೇ ಒಂದು ತಾಣ ಆರಿಸಿ. ಮೂರು ತಿಂಗಳು ಸ್ಟೀಲು ಬೇಡ, ಸ್ಕ್ರೀನು ಬೇಡ. ಜನ ಕೇಳುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲು ಹೇಳಿ. ಎಲ್ಲಿ ನಿಂತು ಕೇಳಿದರು ಅನ್ನುವುದನ್ನೂ ಬರೆಯಬೇಕು. ಆಮೇಲೆ ದೊಡ್ಡ ಅಕ್ಷರದಲ್ಲಿ, ನಾಲ್ಕೈದು ಸಾಲಿನಲ್ಲಿ, ಕಾಗದದ ಮೇಲೆ ಬೋರ್ಡು ಬರೆದು ಆ ಜಾಗದಲ್ಲೇ ನಿಲ್ಲಿಸಿ. ಯಾರೂ ಓದದಿದ್ದರೆ ಹರಿದು ಹಾಕಿ ಇನ್ನೊಂದು ಬರೆಯಿರಿ, ಕಾಗದ ತಾನೇ. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕತ್ತೆತ್ತಿ ಗೋಡೆ ನೋಡಿದರೆ ಅದು ಗೆದ್ದ ಬೋರ್ಡು. ಅದನ್ನು ಸ್ಟೀಲಿಗೆ ಹಾಕಿ, ನೆರಳಿನ ಕಡೆ. ಕಣ್ಣು ಕಾಣದವರೂ ಬರುತ್ತಾರೆ, ಅವರಿಗಾಗಿ ಮುಟ್ಟಿ ನೋಡುವ ಒಂದು ಲೋಹದ ಮಾದರಿ, ಪಕ್ಕದಲ್ಲಿ ಬ್ರೈಲ್ ಇಡಿ. ಕಣ್ಣಿರುವವರೂ ಅದನ್ನು ಮುಟ್ಟದೆ ಬಿಡುವುದಿಲ್ಲ, ನೋಡುತ್ತಿರಿ. ಇಷ್ಟಾದ ಮೇಲೂ ಉತ್ತರ ಸಿಗದ ಪ್ರಶ್ನೆಗಳು ಉಳಿದರೆ ಆಗ ಆ್ಯಪ್‌ನವರನ್ನು ಕರೆಯಿರಿ. ಆಗ ಅವರಿಗೂ ಏನು ಮಾಡಬೇಕು ಅಂತ ಗೊತ್ತಿರುತ್ತದೆ.

ಇನ್ನೊಂದು ಮಾತು. ಹೊರಡುವಾಗ ಆ ಕಾವಲುಗಾರನ ಜೊತೆ ಸ್ವಲ್ಪ ಹೊತ್ತು ಮಾತಾಡಿದೆ. ಎರಡು ವರ್ಷಕ್ಕೆ ನಿವೃತ್ತಿಯಂತೆ. ಮಳೆಗಾಲದಲ್ಲಿ ಯಾವ ಗೋಡೆಯಿಂದ ನೀರು ಇಳಿಯುತ್ತದೆ, ಯಾವ ಕಲ್ಲಿನ ಮೇಲೆ ಪಗಡೆಯಂಥ ಮನೆಗಳನ್ನು ಕೊರೆದಿದ್ದಾರೆ, ಮಕ್ಕಳು ಎಲ್ಲಿ ನಿಂತು ಕೂಗಿ ಪ್ರತಿಧ್ವನಿ ಕೇಳುತ್ತಾರೆ, ಎಲ್ಲ ಅವನಿಗೆ ಗೊತ್ತು. ಇದನ್ನೆಲ್ಲ ಯಾರಾದರೂ ಬರೆದುಕೊಂಡಿದ್ದಾರಾ ಅಂತ ಕೇಳಿದೆ. "ಈವರೆಗೆ ಯಾರೂ ಕೇಳಿಲ್ಲ" ಅಂದ. ಆ ನೋಟ್‌ಬುಕ್‌ನ ಮೊದಲ ಪುಟ ಅವನಿಂದ ಶುರುವಾಗಲಿ.

ಇಂತಿ,
ಟಿಕೆಟ್ ತೆಗೆದುಕೊಂಡು ಒಳಗೆ ಬರುವ ಒಬ್ಬ ಪ್ರವಾಸಿ