ಯುಕುಲೇಲೆ ಬರೀ ಕಾರ್ಡ್ ಬಾರಿಸೋಕಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪುರವಣಿಯಲ್ಲಿ ಯುಕುಲೇಲೆ ಬಗ್ಗೆ ಬಂದ ಬರಹ ಓದ್ದೆ, ಖುಷಿನೂ ಆಯ್ತು, ಸ್ವಲ್ಪ ಸಿಟ್ಟೂ ಬಂತು. ಈ ನಾಲ್ಕು ತಂತಿಯ ಪುಟ್ಟ ವಾದ್ಯಕ್ಕೆ ಅಷ್ಟು ಜಾಗ ಕೊಟ್ರಲ್ಲ ಅಂತ ಖುಷಿ. ಸಿಟ್ಟು ಯಾಕಂದ್ರೆ ಮೂರ್ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕಲಿತ್ಕೊಂಡು, ಸ್ಟ್ರಮ್ ಮಾಡ್ತಾ, ಅಂದ್ರೆ ಎಲ್ಲಾ ತಂತಿನೂ ಒಟ್ಟಿಗೆ ಸವರ್ತಾ, ಹಾಡ್ಕೊಂಡ್ರೆ ಮುಗೀತು ಅನ್ನೋ ಹಳೇ ಮಾತನ್ನೇ ಇನ್ನೊಂದ್ಸಲ ಹೇಳಿ ನಿಲ್ಸಿಬಿಟ್ಟಿದೀರಿ. ಸರಿ, ಹಾಡೋಕೇ ಬರದೇ ಇರೋರು ಏನ್ ಮಾಡ್ಬೇಕು? ನಾನು ಬಾಯಿ ತೆಗೆದ್ರೆ ಮನೆಯವರು ಕಿಟಕಿ ಹಾಕ್ತಾರೆ. ನನ್ನಂಥೋರಿಗೆ 1958ರಿಂದ 1963ರ ತನಕ ಬಂದ ಇನ್‌ಸ್ಟ್ರುಮೆಂಟಲ್ ರಾಕ್ ಮತ್ತು ಸರ್ಫ್ (ಸಮುದ್ರದ ಅಲೆ ಸವಾರಿ ಮಾಡೋರ ಸಂಗೀತ) ಟ್ಯೂನ್‌ಗಳಿವೆಯಲ್ಲ, ಒಂದು ಪದಾನೂ ಇಲ್ಲದೆ ಎರಡೂವರೆ ನಿಮಿಷದಲ್ಲಿ ಮುಗಿಯೋವು, ಯುಕುಲೇಲೆ ಕಲಿಯೋಕೆ ಅದಕ್ಕಿಂತ ಒಳ್ಳೇ ಪಾಠ ಇಲ್ಲ ಅನ್ನೋದು ನನ್ನ ವಾದ.

ಎಲೆಕ್ಟ್ರಿಕ್ ಗಿಟಾರ್, ದೊಡ್ಡ ಆ್ಯಂಪ್, ಸ್ವರಕ್ಕೆ ಗುಂಯ್‌ಗುಡೋ ಅನುರಣನ ಕೊಡೋ ಸ್ಪ್ರಿಂಗ್ ರಿವರ್ಬ್ ಇಲ್ದೆ ಸರ್ಫ್ ಎಲ್ಲಿಂದ ಬರುತ್ತೆ ಅಂತ ನಗೋರು ಒಂದು ವಿಷಯ ತಿಳ್ಕೋಬೇಕು. 1960ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿ ಐದು ವಾರ ಕೂತಿದ್ದ 'ಅಪಾಚೆ' ಇದೆಯಲ್ಲ, ಆ ಟ್ಯೂನನ್ನ ಮಾಡಿದ ಜೆರ್ರಿ ಲಾರ್ಡನ್ ಅದನ್ನ 'ದಿ ಶ್ಯಾಡೋಸ್' ತಂಡಕ್ಕೆ ಮೊದಲು ಕೇಳಿಸಿದ್ದು ಯುಕುಲೇಲೆಯಲ್ಲೇ, ಒಟ್ಟಿಗೆ ಟೂರ್‌ನಲ್ಲಿದ್ದಾಗ. ಆ ತಂಡದ ಹ್ಯಾಂಕ್ ಮಾರ್ವಿನ್ ಅವರ ಗಿಟಾರು, ಎಕೋ ಮಶಿನ್ನು ಎಲ್ಲಾ ಸೇರಿದ್ದು ಆಮೇಲೆ. ಅಂದ್ರೆ ನಾವು ಅಪಾಚೆಯನ್ನ ಯುಕುಲೇಲೆಗೆ 'ಇಳಿಸ್ತಾ' ಇಲ್ಲ, ಅದು ಹೊರಟ ಕಡೆಗೇ ವಾಪಸ್ ಕರ್ಕೊಂಡು ಹೋಗ್ತಾ ಇದೀವಿ. ಸರ್ಫ್ ಗಿಟಾರಿನ ರಾಜ ಅಂತ ಕರೆಸ್ಕೊಂಡ ಡಿಕ್ ಡೇಲ್ ಕೂಡ ಗಿಟಾರ್ ಹಿಡಿಯೋ ಮುಂಚೆ ಹುಡುಗನಾಗಿದ್ದಾಗ ಬಾರಿಸಿದ್ದು ಯುಕುಲೇಲೆನೇ.

ಆ ಡಿಕ್ ಡೇಲ್ 1962ರಲ್ಲಿ ಮಾಡಿದ 'ಮಿಸಿರ್ಲೂ' ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೂಲದಲ್ಲಿ ಅದು ಪೂರ್ವ ಮೆಡಿಟರೇನಿಯನ್ ಕಡೆಯ ಹಳೇ ಧಾಟಿ, ಡೇಲ್ ಅವರ ತಂದೆ ಕಡೆಯೋರು ಲೆಬನಾನ್‌ನವರು, ಹಾಗಾಗಿ ಚಿಕ್ಕಂದಿನಿಂದ ಕಿವಿಗೆ ಬಿದ್ದಿದ್ದ ಸಂಗೀತ ಅದು. ಅದರ ಸ್ವರಗಳನ್ನ ಬಿಡಿಸಿ ನೋಡಿದ್ರೆ ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ನಮ್ಮ ಕರ್ನಾಟಕ ಸಂಗೀತದ ಸಾಕ್ಷಾತ್ ಮಾಯಾಮಾಳವಗೌಳ ರಾಗ! ಅದೇ ರಾಗದಲ್ಲಿ ಶುರುವಿನ ಪಾಠ, ಅಂದ್ರೆ ಸರಳೆ ವರಸೆ, ಹಾಡ್ಕೊಂಡು ಬೆಳೆದೋರಿಗೆ ಆ ಸ್ಕೇಲನ್ನ ಯಾರೂ ಹೇಳ್ಕೊಡೋ ಅಗತ್ಯನೇ ಇಲ್ಲ, ವೇಗ ಒಂದು ಬಂದ್ರೆ ಆಯ್ತು. ಅದೂ ಒಂದೇ ತಂತಿಯಲ್ಲಿ ಮೇಲೆ ಕೆಳಗೆ ಓಡೋ ಟ್ಯೂನು. ಯುಕುಲೇಲೆಯ ಎ ತಂತಿ ಹಿಡೀರಿ, ಖಾಲಿ ತಂತಿ ಷಡ್ಜ, ಆಮೇಲೆ 1, 4, 5, 7, 8, 11, 12ನೇ ಫ್ರೆಟ್ಟು (ವಾದ್ಯದ ಕುತ್ತಿಗೆ ಮೇಲಿನ ಅಡ್ಡ ಪಟ್ಟಿ). ಸೊಪ್ರಾನೋ ಅನ್ನೋ ಮಾಮೂಲಿ ಪುಟ್ಟ ಯುಕುಲೇಲೆಯಲ್ಲಿ ಇರೋದೇ 12 ಫ್ರೆಟ್ಟು, ಸರಿಯಾಗಿ ಒಂದು ಸ್ಥಾಯಿ ಸಿಗುತ್ತೆ, ಒಂದು ಫ್ರೆಟ್ಟೂ ಹೆಚ್ಚಿಲ್ಲ ಕಮ್ಮಿ ಇಲ್ಲ. ಡೇಲ್ ದಪ್ಪ ದಪ್ಪ ತಂತಿ ಹಾಕ್ಕೊಂಡು ಪಿಕ್‌ನಲ್ಲಿ ಮಷಿನ್ ಗನ್ ಥರ ಬಾರಿಸ್ತಿದ್ರು, ನಮ್ಮದು ನೈಲಾನ್ ತಂತಿ, ಅದಕ್ಕೆ ತೆಳು ಪಿಕ್ಕು ಇಲ್ಲಾ ಫೆಲ್ಟ್ ಪಿಕ್ಕು, ಅದೂ ಬೇಡ ಅಂದ್ರೆ ತೋರುಬೆರಳಿನ ಉಗುರಲ್ಲೇ ಮೇಲೆ ಕೆಳಗೆ ಸಮವಾಗಿ ಉಜ್ಜಬೇಕು. ಮಣಿಕಟ್ಟು ಸಡಿಲ ಬಿಡ್ಬೇಕು, ಮೊಣಕೈಯಿಂದ ಬಾರಿಸೋಕೆ ಹೋದ್ರೆ ಅರ್ಧ ಟ್ಯೂನಿಗೇ ಕೈ ಹಿಡ್ಕೊಳ್ಳುತ್ತೆ.

ಇನ್ನೊಂದು ನಂಟೂ ಇದೆ. ಸರ್ಫಿಂಗ್ ಅನ್ನೋದೇ ಹವಾಯಿ ಜನರ ಆಟ, ಯುಕುಲೇಲೆ ಹುಟ್ಟಿದ್ದೂ ಅಲ್ಲೇ, 1879ರಲ್ಲಿ ಮಡೈರಾ ದ್ವೀಪದಿಂದ ಕೂಲಿಗೆ ಅಂತ ಹಡಗಲ್ಲಿ ಬಂದ ಪೋರ್ಚುಗೀಸರು ತಂದ ಪುಟ್ಟ ವಾದ್ಯದಿಂದ. 1959ರ 'ಸ್ಲೀಪ್ ವಾಕ್' ಟ್ಯೂನಿನಲ್ಲಿ ಜಾರ್ಕೊಂಡು ಹೋಗೋ ಸ್ಟೀಲ್ ಗಿಟಾರ್ ಇದೆಯಲ್ಲ, ಅದೂ ಹವಾಯಿದೇ. ಕ್ಯಾಲಿಫೋರ್ನಿಯಾ ಹುಡುಗರು ಸಮುದ್ರದ ಅಲೆಗೆ ಅಂತ ಸಂಗೀತ ಮಾಡಿದಾಗ ಈ ವಾದ್ಯನ ಮಾತ್ರ ಮನೇಲಿ ಬಿಟ್ಟು ಹೋದ್ರು ಅನ್ನೋದು ನನಗೆ ಈಗಲೂ ತಮಾಷೆ ಅನ್ಸುತ್ತೆ.

ಹಾಗಂತ ಎಲ್ಲಾ ಟ್ಯೂನೂ ಹೊಂದಲ್ಲ, ಅದನ್ನೂ ಹೇಳ್ಬೇಕು. ಗಿಟಾರಿನ ಕೆಳಗಿನ ಇ ತಂತಿಯಲ್ಲೇ ಜೀವ ಇಟ್ಕೊಂಡಿರೋ ಗಿಟಾರಿಸ್ಟ್ ಡ್ವೇನ್ ಎಡ್ಡಿ ಅವರ 'ರೆಬೆಲ್ ರೌಸರ್' ಥರದ್ದು ಇಲ್ಲಿ ಸಪ್ಪೆ, ಯಾಕಂದ್ರೆ ಮಾಮೂಲಿ ಟ್ಯೂನಿಂಗ್‌ನಲ್ಲಿ ನಮ್ಮ ಅತಿ ಕೆಳಗಿನ ಸ್ವರನೇ ಮಧ್ಯದ ಸಿ, ಗಿಟಾರ್ ಅದಕ್ಕಿಂತ ಒಂದೂವರೆ ಸ್ಥಾಯಿಗೂ ಹೆಚ್ಚು ಕೆಳಗೆ ಹೋಗುತ್ತೆ. ಮಾಮೂಲಿ ಜಿ ತಂತಿ ಬದಲು ಒಂದು ಸ್ಥಾಯಿ ಕೆಳಗಿನ 'ಲೋ ಜಿ' ತಂತಿ ಹಾಕ್ಕೊಂಡ್ರೆ ಐದು ಫ್ರೆಟ್ಟಿನಷ್ಟು ಜಾಗ ಕೆಳಗೆ ಸಿಗುತ್ತೆ, 'ಪೈಪ್‌ಲೈನ್' ಥರದ ಸರ್ಫ್ ಟ್ಯೂನಿಗೆ ನಾನು ಅದನ್ನೇ ಹೇಳ್ತೀನಿ. ಲಿಂಕ್ ರೇ ಅವರ 'ರಂಬಲ್' ಅಂತೂ ಬೇಡವೇ ಬೇಡ. ಪದಗಳೇ ಇಲ್ಲದ ಟ್ಯೂನನ್ನ ಅಮೆರಿಕದ ಕೆಲವು ರೇಡಿಯೋ ಸ್ಟೇಷನ್‌ನೋರು ಹುಡುಗರು ಹೊಡೆದಾಡ್ತಾರೆ ಅಂತ ಬ್ಯಾನ್ ಮಾಡಿದ್ರು, ಅದನ್ನ ಯುಕುಲೇಲೆಯಲ್ಲಿ ನುಡಿಸಿದ್ರೆ ಮಗು ಮಲಗುತ್ತೆ.

ಮತ್ತೆ ಯುಕುಲೇಲೆಯಲ್ಲಿ ಸ್ವರ ನಿಲ್ಲಲ್ಲ, ಮೀಟಿದ ತಕ್ಷಣ ಸತ್ತೋಗುತ್ತೆ ಅನ್ನೋ ದೂರು. ನಿಜ. ಅದಕ್ಕೇ ರಿವರ್ಬ್ ಪೆಡಲ್ ಕೊಂಡ್ಕೊಳ್ಳಿ ಅಂತ ಸಲಹೆ ಕೊಡೋರು ತುಂಬಾ ಜನ ಇದಾರೆ, ನನಗಂತೂ ಅದು ಶುರುವಿನಲ್ಲಿ ದಂಡ ಅನ್ಸುತ್ತೆ. ಪೆಡಲ್ ಹಾಕಿದ್ರೆ ತಪ್ಪು ಬೆರಳು ಮುಚ್ಚಿಹೋಗುತ್ತೆ, ಅಷ್ಟೆ. ಉದ್ದ ಸ್ವರ ಬಂದಾಗ ಅದನ್ನ ಟ್ರೆಮೊಲೊ ಮಾಡಿ, ಅಂದ್ರೆ ಅದೇ ಸ್ವರನ ಬೇಗ ಬೇಗ ಮತ್ತೆ ಮತ್ತೆ ಮೀಟಿ, ಉಳಿಸ್ಕೋಬಹುದು, ಇಲ್ಲಾ ಸ್ವರ ಮೀಟಿ ಬಿಟ್ಟು ಆ ಖಾಲಿ ಜಾಗದಲ್ಲಿ ಒಂದು ಕಾರ್ಡ್ ಹೊಡೀಬಹುದು, ಆಗ ಲೀಡೂ ರಿದಮ್ಮೂ ಒಬ್ರೇ ನುಡಿಸಿದಂಗೆ ಕೇಳುತ್ತೆ. ಎಲ್ಲಿ ಯಾವುದು ಅನ್ನೋದು ಅವರವರ ಕಿವಿಗೆ ಬಿಟ್ಟಿದ್ದು, ನಿಜವಾದ ಕಲಿಕೆ ಆಗೋದೂ ಅಲ್ಲೇ, ಬರೀ ಕಾರ್ಡ್ ಚಾರ್ಟ್ ನೋಡ್ಕೊಂಡು ಸ್ಟ್ರಮ್ ಮಾಡೋರಿಗೆ ಈ ತಲೆನೋವೂ ಬರಲ್ಲ, ಈ ಸುಖಾನೂ ಸಿಗಲ್ಲ.

ಕೊನೇದಾಗಿ ಒಂದು ಕೋರಿಕೆ. ಹೊಸಬರಿಗೆ ಸುಲಭದ ಹಾಡುಗಳು ಅಂತ ನೀವು ಕೊಟ್ಟ ಪಟ್ಟಿಯಲ್ಲಿ ಮುಂದಿನ ಸಲ ಪದ ಇಲ್ಲದ್ದು ಒಂದಾದ್ರೂ ಸೇರಿಸಿ. ನನ್ನ ಓಟು 'ವಾಕ್ ಡೋಂಟ್ ರನ್'ಗೆ, ಜಾನಿ ಸ್ಮಿತ್ ಅನ್ನೋ ಜಾಝ್ ಗಿಟಾರಿಸ್ಟ್ ಮಾಡಿದ್ದು, 1960ರಲ್ಲಿ 'ದಿ ವೆಂಚರ್ಸ್' ಅದನ್ನ ಅಮೆರಿಕದಲ್ಲಿ ಎರಡನೇ ಸ್ಥಾನದ ತನಕ ಒಯ್ದರು. ಅದರ ಶುರುವಿನ ಕಾರ್ಡ್‌ಗಳು ಎ ಮೈನರ್, ಜಿ, ಎಫ್, ಇ ಅಂತ ಮೆಟ್ಟಿಲು ಇಳಿದಂಗೆ ಇಳಿಯುತ್ತೆ. ಯುಕುಲೇಲೆಯಲ್ಲಿ ಎ ಮೈನರ್‌ಗೆ ಒಂದೇ ಬೆರಳು, ಎಫ್‌ಗೆ ಎರಡು, ಜಿಗೆ ಮೂರು. ಇ ಮೇಜರ್ ಮಾತ್ರ ಹೊಸಬರ ಬೆರಳು ಮುರಿಯೋ ಕಾರ್ಡು, ದಯವಿಟ್ಟು ಅದರ ಬದಲು ಇ ಸೆವೆನ್ ಅಂತ ಪ್ರಿಂಟ್ ಮಾಡಿ.

ಇತಿ,
ಹಾಡೋಕೆ ಬಾರದ ಒಬ್ಬ ಓದುಗ