ಧ್ರುವದ ಕಲ್ಲು ಬರೀ ಚಳಿಗೆ ಒಡೆಯುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಬಂಡೆಗಳ ಶಿಥಿಲೀಕರಣದ, ಅಂದರೆ ಕಲ್ಲು ಇದ್ದಲ್ಲೇ ಒಡೆದು ಸಡಿಲವಾಗುವುದರ ಬಗ್ಗೆ ಬಂದ ಬರಹವನ್ನು ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳಿದಳು. ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಬರಹದಲ್ಲಿ ಇದ್ದದ್ದು ಇಷ್ಟು: ಧ್ರುವ ಪ್ರದೇಶದಲ್ಲಿ ವಿಪರೀತ ಚಳಿ, ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಂಡೆ ಒಡೆಯುತ್ತದೆ. ಅಲ್ಲಿಗೆ ಕಥೆ ಮುಗಿದಿತ್ತು. ಇದು ಪೂರ್ತಿ ಸುಳ್ಳೇನಲ್ಲ. ಆದರೆ ಇಷ್ಟೇ ಓದಿದ ಮಕ್ಕಳು ಚಳಿ ಜಾಸ್ತಿಯಾದಷ್ಟೂ ಕಲ್ಲು ಬೇಗ ಪುಡಿಯಾಗುತ್ತದೆ ಅಂದುಕೊಳ್ಳುತ್ತಾರೆ. ನಮ್ಮವಳೂ ಹಾಗೇ ಅಂದುಕೊಂಡಳು.

ನಾನು ಸೈನ್ಯದಲ್ಲಿ ಡೀಸೆಲ್ ಮೆಕ್ಯಾನಿಕ್ ಆಗಿದ್ದವನು. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಮೈತ್ರಿ ಸಂಶೋಧನಾ ಕೇಂದ್ರದಲ್ಲಿ ಜನರೇಟರ್ ನೋಡಿಕೊಳ್ಳುತ್ತಾ ಒಂದು ಚಳಿಗಾಲ ಕಳೆದಿದ್ದೇನೆ. ಕೇಂದ್ರ ಇರುವುದು ಶಿರ್ಮಾಕರ್ ಓಯಸಿಸ್‌ನಲ್ಲಿ. ಹೆಸರು ಕೇಳಿ ಖರ್ಜೂರದ ಮರ ಹುಡುಕಬೇಡಿ. ಸುತ್ತ ಹಿಮ, ನಡುವೆ ಸುಮಾರು 35 ಚದರ ಕಿಲೋಮೀಟರ್ ಬೋಳು ಕಲ್ಲಿನ ಗುಡ್ಡ, ನೂರಕ್ಕೂ ಹೆಚ್ಚು ಸಣ್ಣ ದೊಡ್ಡ ಕೆರೆಗಳು. ಬೇಸಿಗೆಯಲ್ಲಿ ಭೂವಿಜ್ಞಾನಿಗಳ ಹಿಂದೆ ಸಾಮಾನು ಹೊತ್ತು ಸುತ್ತಿದ್ದೇ ನನ್ನ ವಿದ್ಯೆ.

ನೀರು ಐಸ್ ಆದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದು ನಿಜ. ಹೆಪ್ಪುಗಟ್ಟದಂತೆ ಹಾಕುವ ಕೂಲಂಟ್ ಇಲ್ಲದೆ ಬರೀ ನೀರು ತುಂಬಿಟ್ಟರೆ ಎಂಜಿನ್ ಬ್ಲಾಕೇ ಸೀಳಿಹೋಗುತ್ತದೆ, ಮೆಕ್ಯಾನಿಕ್‌ಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಎಂಜಿನ್ ಬ್ಲಾಕ್ ಎಲ್ಲ ಕಡೆ ಮುಚ್ಚಿರುತ್ತದೆ. ಬಂಡೆಯ ಬಿರುಕಿಗೆ ಬಾಯಿ ಇದೆ. ಹಿಗ್ಗಿದ ಐಸ್ ಆ ಬಾಯಿಯಿಂದ ಹೊರಗೆ ತಳ್ಳಿಕೊಂಡು ಬರಬಹುದಲ್ವಾ? ಬಿರುಕು ನೀರಿನಿಂದ ಹೆಚ್ಚುಕಮ್ಮಿ ಪೂರ್ತಿ ತುಂಬಿರಬೇಕು, ಮೇಲಿನ ನೀರು ಮೊದಲು ಹೆಪ್ಪುಗಟ್ಟಿ ಬಾಯಿ ಮುಚ್ಚಬೇಕು. ಆಗ ಮಾತ್ರ ಆ ಒತ್ತಡ ಕೆಲಸ ಮಾಡುತ್ತದೆ. ಒಣ ಅಂಟಾರ್ಕ್ಟಿಕಾದಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು?

1930ರ ಸುಮಾರಿಗೆ ಅಮೆರಿಕದ ಸ್ಟೀಫನ್ ಟೇಬರ್ ಎಂಬ ಭೂವಿಜ್ಞಾನಿ ಒಂದು ಚಂದದ ಪ್ರಯೋಗ ಮಾಡಿದ್ದರು. ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿ ಮೇಲೆದ್ದಿತು! ಅಂದರೆ ಹಿಗ್ಗುವುದು ಮುಖ್ಯ ಕಾರಣ ಅಲ್ಲ. ಕಲ್ಲಿನಲ್ಲೂ ನಡೆಯುವುದು ಬೇರೆಯೇ. ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೆ ಹೋದರೂ ಕಲ್ಲಿನ ಸಣ್ಣ ರಂಧ್ರಗಳಲ್ಲಿ ನೀರಿನ ಬಹಳ ತೆಳುವಾದ ಪದರ ಹೆಪ್ಪುಗಟ್ಟದೆ ಉಳಿಯುತ್ತದೆ. ಅಲ್ಲೇ ಒಂದು ಕಡೆ ಇರುವ ಐಸ್ ಆ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎಳೆದುಕೊಂಡು ನಿಧಾನಕ್ಕೆ ದಪ್ಪವಾಗುತ್ತದೆ, ಬಿರುಕನ್ನು ಒಳಗಿನಿಂದಲೇ ಅಗಲಿಸುತ್ತದೆ. 2006ರಲ್ಲಿ ಮೆತ್ತನೆಯ ಸುಣ್ಣಕಲ್ಲಿನ ತುಂಡುಗಳ ಮೇಲೆ ಇದನ್ನು ಲ್ಯಾಬಿನಲ್ಲೇ ತೋರಿಸಿದ್ದಾರೆ. ಮೈನಸ್ 30ಕ್ಕೆ ಇಳಿದರೆ ಆ ನೀರಿಗೆ ಹರಿದಾಡಲು ಆಗುವುದಿಲ್ಲ. ಹಾಗಾಗಿ ನಾವು ಬಾಗಿಲು ತೆರೆಯಲೂ ಹೆದರುತ್ತಿದ್ದ ತಿಂಗಳುಗಳಲ್ಲಿ ಕಲ್ಲುಗಳು ಹೆಚ್ಚುಕಮ್ಮಿ ಸುಮ್ನೆ ಕೂತಿದ್ದವು.

ಕೆಲಸ ನಡೆಯುವುದು ಬೇಸಿಗೆಯಲ್ಲಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಗಾಳಿ ಸೊನ್ನೆಗಿಂತ ಕೆಳಗೆ ಇದ್ದರೂ ಬಿಸಿಲಿಗೆ ಮುಖ ಮಾಡಿದ ಕಪ್ಪು ಕಲ್ಲನ್ನು ಕೈಗವಸು ತೆಗೆದು ಮುಟ್ಟಿದರೆ ಬೆಚ್ಚಗೆ ಇರುತ್ತದೆ. ಕೆರೆಯ ಪಕ್ಕದ ಒಂದು ನೈಸ್ (gneiss, ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು) ಬಂಡೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬುಡದಲ್ಲಿ ಹಿಮ ಕರಗಿ ನೀರು ಜಿನುಗುವ ಕಡೆ ಕಲ್ಲು ಹಲಗೆ ಹಲಗೆಯಾಗಿ ಬಿಟ್ಟುಕೊಂಡಿತ್ತು, ಸಂದಿಯಲ್ಲಿ ಬೆರಳು ತೂರುತ್ತಿತ್ತು. ಒಣಗಿದ ನೆತ್ತಿ ಮಾತ್ರ ಗಟ್ಟಿಮುಟ್ಟು. ಇನ್ನೊಂದು ಬದಿಯಲ್ಲಿ ಮುಷ್ಟಿ ಹಿಡಿಸುವಷ್ಟು ಗುಳಿಗಳು. ಒಳಗೆ ಉಜ್ಜಿದರೆ ಮರಳು ಉದುರುತ್ತಿತ್ತು, ಬಿಳಿ ಪುಡಿ ಅಂಟಿಕೊಳ್ಳುತ್ತಿತ್ತು. ಅದು ಉಪ್ಪು ಎಂದರು ಜೊತೆಗಿದ್ದವರು. ರಂಧ್ರದೊಳಗೆ ಉಪ್ಪಿನ ಹರಳು ಬೆಳೆದು ಕಲ್ಲಿನ ಕಾಳನ್ನು ಒಂದೊಂದಾಗಿ ಸಡಿಲ ಮಾಡುತ್ತದೆ, ಗಾಳಿ ಗುಡಿಸಿಕೊಂಡು ಹೋಗುತ್ತದೆ. ಬಿಸಿಲಿಗೆ ಕಾದ ಕಲ್ಲು ಮೋಡ ಅಡ್ಡ ಬಂದಾಗ ತಟ್ಟನೆ ತಣಿಯುತ್ತದೆ. ನಿಮಿಷಕ್ಕೆ 2 ಡಿಗ್ರಿಗಿಂತ ವೇಗವಾಗಿ ಬದಲಾದರೆ ನೀರಿಲ್ಲದೆಯೂ ಕಲ್ಲು ಬಿರಿಯಬಹುದಂತೆ.

ಕಲ್ಲುಹೂವಿನ (ಪಾಚಿ, ಶಿಲೀಂಧ್ರ ಸೇರಿ ಬದುಕುವ ಲೈಕೆನ್) ಪಾಲೂ ಇದೆ. ಅಂಟಾರ್ಕ್ಟಿಕಾದ್ದೇ ಆದ ಮೆಕ್‌ಮರ್ಡೋ ಒಣ ಕಣಿವೆಗಳ ಮರಳುಗಲ್ಲಿನ ಒಳಗೇ ಅದು ಬದುಕುತ್ತದೆ, ಮೇಲಿನ ಪದರವನ್ನು ಸಿಪ್ಪೆಯಂತೆ ಕಳಚುತ್ತದೆ. 1970ರ ದಶಕದಲ್ಲಿ ಇದನ್ನು ಕಂಡವರು ಇಮ್ರೆ ಫ್ರೀಡ್‌ಮನ್ ಎಂಬ ವಿಜ್ಞಾನಿ. ಇಷ್ಟೆಲ್ಲ ಇದ್ದೂ ಆ ಕಣಿವೆಗಳ ಎತ್ತರದ ಕಲ್ಲು ಹತ್ತು ಲಕ್ಷ ವರ್ಷಕ್ಕೆ ಒಂದು ಮೀಟರ್ ಕೂಡ ಸವೆಯುವುದಿಲ್ಲ.

ಈಗ ನಮ್ಮ ಊರನ್ನು ನೋಡಿ. ಕಾಸರಗೋಡಿನಲ್ಲಿ ಬೋರ್ ಕೊರೆಸಿದವರಿಗೆ ಗೊತ್ತು. ಮೊದಲು ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಆಮೇಲೆ ಮೆತ್ತನೆಯ ಶೇಡಿ ಮಣ್ಣು, ಅದರ ಅಡಿಯಲ್ಲಿ ಗಟ್ಟಿ ಕಲ್ಲು. ಆ ಗಟ್ಟಿ ಕಲ್ಲು ಎಷ್ಟೋ ಕಡೆ ಮೈತ್ರಿಯಲ್ಲಿ ನಾನು ಕಂಡ ಜಾತಿಯದೇ, ನೈಸ್. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಮೇಲಿಂದ ಸೆಕೆ. ನೀರು ಕಲ್ಲಿನ ಸತ್ವವನ್ನೆಲ್ಲ ಕರಗಿಸಿ ಒಯ್ದು ಹೆಚ್ಚಾಗಿ ಕಬ್ಬಿಣ, ಅಲ್ಯೂಮಿನಿಯಂ ಬಿಟ್ಟಿತು. ಅದೇ ನಮ್ಮ ಬೇಕಲ ಕೋಟೆಯ ಕೆಂಪು ಕಲ್ಲು. ಐಸ್ ಕಾಣದ ಊರಿನಲ್ಲೇ ಕಲ್ಲು ಇಷ್ಟು ಆಳಕ್ಕೆ ಮೆತ್ತಗಾಗಿದೆ. ನಿಮ್ಮ ಬರಹದಲ್ಲಿ ಒಂದು ಮಾತು ಇದರ ಬಗ್ಗೆ ಇದ್ದಿದ್ದರೆ ಮಕ್ಕಳು ನೀರಿಗಾಗಿ ಗುಡ್ಡಕ್ಕೆ ಕೊರೆದ ಮನೆ ಹಿಂದಿನ ಸುರಂಗದ ಗೋಡೆಯನ್ನೇ ಮುಟ್ಟಿ ನೋಡುತ್ತಿದ್ದರು.

ಮುಂದಿನ ವಾರದ ಪುಟದಲ್ಲಿ ಒಂದು ಸಣ್ಣ ಸೇರ್ಪಡೆ ಹಾಕಿ. ಜಾಗ ಕಮ್ಮಿ ಇದ್ದರೆ ಉಪ್ಪು, ಕಲ್ಲುಹೂವು ಬಿಡಿ ಪರವಾಗಿಲ್ಲ. ಟೇಬರ್ ಅವರ ಬೆಂಜೀನ್ ಪ್ರಯೋಗ ಮಾತ್ರ ಬಿಡಬೇಡಿ.

– ಒಬ್ಬ ನಿವೃತ್ತ ಸೈನಿಕ, ಬದಿಯಡ್ಕ