ಪೀಕೋ ಅಂಗಡಿ ಅಕ್ಕನಿಗೆ

ನಿನ್ನೆ ಕೊನೆಯ ಕಂತು ಕೊಟ್ಟೆ. ತಿಂಗಳಿಗೆ 2,500ರಂತೆ ಹನ್ನೆರಡು ತಿಂಗಳು. ಕಾಮಾಕ್ಷಿಪಾಳ್ಯದ ಈ ಶೀಟ್ ಮನೆಯ ಅಡ್ವಾನ್ಸ್ ಈಗ ಪೂರ್ತಿ ನನ್ನ ದುಡ್ಡು. ಖುಷಿಗೆ ರಾತ್ರಿ ನಿದ್ದೆಯೇ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಬಿಟ್ಟು ಬಂದಿದ್ದು ಯಾಕೆ ಅಂತ ನಿಮಗೆಲ್ಲ ಗೊತ್ತು, ಮತ್ತೆ ಕೆದಕೋದು ಬೇಡ. ಚಾಪೆ ದಿಂಬು ಕೊಟ್ಟ ರೂಮ್‌ಮೇಟ್, ಸಂಬಳ ಆಗುವವರೆಗೆ ಫೋನ್ ರೀಚಾರ್ಜ್ ಮಾಡಿಸಿದ ಗೆಳತಿ, ಬಾಡಿಗೆ ತಡವಾದಾಗ ಬಾಗಿಲು ತಟ್ಟದ ಓನರ್ ಅಂಕಲ್, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಬಡಿಸಿದ ಇಂದಿರಾ ಕ್ಯಾಂಟೀನ್‌ನವರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಅಕ್ಕನ ಬಗ್ಗೆ ಮಾತ್ರ ಜಾಸ್ತಿ ಬರೆಯಬೇಕು.

ಆ ಸಂಜೆ, ಎರಡು ತಿಂಗಳ ಬಾಕಿ ಅಂತ ಪಿ.ಜಿ.ಯವರು ನನ್ನ ಬ್ಯಾಗನ್ನು ಮೆಟ್ಟಿಲ ಮೇಲೆ ಇಟ್ಟುಬಿಟ್ಟಿದ್ದರು. ಕೈಯಲ್ಲಿ 90 ರೂಪಾಯಿ. ಊರಿಗೆ ಹೋಗಲು ಅದೂ ಬೇಕಿರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ ಅಲ್ವಾ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ ಬೆಳಗ್ಗೆ ಊರು. ವಾಪಸ್ ಹೋಗೋದು ಅಷ್ಟು ಸುಲಭ ಇತ್ತು, ನನಗೆ ಭಯ ಆಗಿದ್ದೂ ಅದಕ್ಕೇ.

ಫಿಟಿಂಗ್‌ಗೆ ಕೊಟ್ಟಿದ್ದ ಕುರ್ತಾ ಅಕ್ಕನ ಅಂಗಡಿಯಲ್ಲಿತ್ತು. ಹೊಲಿದಿಲ್ಲ ಅಂದರೆ ಹಾಗೇ ಕೊಟ್ಟುಬಿಡಿ ಅಂತ ಕೇಳಲು ಹೋದೆ. ಅವರು ಬ್ಯಾಗ್ ನೋಡಿದರು, ಏನೂ ಕೇಳಲಿಲ್ಲ. ಸ್ಟೂಲ್ ಎಳೆದು, ದಾರ ಪೋಣಿಸಿದ ಸೂಜಿ ಕೈಗಿಟ್ಟರು. "ಬೆಳಗ್ಗೆ ಮದುವೆ ಮನೆಯವರಿಗೆ ಹದಿನಾಲ್ಕು ಬ್ಲೌಸ್ ಕೊಡಬೇಕು. ಹುಕ್ಸ್ ಹಾಕೋಕೆ ಬರುತ್ತಾ?" ಬರುತ್ತಿರಲಿಲ್ಲ. ಹೇಳಿಕೊಟ್ಟರು. ಹುಕ್ಕಿನ ಎರಡು ಕಣ್ಣಿಗೂ ಮೂರು ಮೂರು ಸುತ್ತು, ಆಮೇಲೆ ಮೇಲೆ ಏಳದಂತೆ ಕೊಕ್ಕೆಯ ಕೆಳಗೆ ಎರಡು ಸುತ್ತು, ಗಂಟು.

ಹತ್ತು ಗಂಟೆಗೆ ಶಟರ್ ಅರ್ಧ ಎಳೆದರು. ಅಮ್ಮನಿಗೆ "ಬರ್ತಿದ್ದೀನಿ" ಅಂತ ಟೈಪ್ ಮಾಡಿದ್ದ ಮೆಸೇಜ್ ಇನ್ನೂ ಫೋನಲ್ಲಿ ಹಾಗೇ ಇತ್ತು. ಏಳನೆಯದೋ ಎಂಟನೆಯದೋ ಬ್ಲೌಸ್ ಹೊತ್ತಿಗೆ ಅಳು ತಡೆಯಲು ಆಗಲಿಲ್ಲ. "ಅಳು ಪುಟ್ಟಾ, ಬಟ್ಟೆ ಮಾತ್ರ ಆ ಕಡೆ ಇಡು, ರೇಷ್ಮೆ, ಕಲೆ ಆಗುತ್ತೆ" ಅಂದರು, ಮಷಿನ್ ತುಳಿಯೋದು ನಿಲ್ಲಿಸಲಿಲ್ಲ. ಅವರು ನಿಲ್ಲಿಸಿ ಸಮಾಧಾನ ಮಾಡಲು ಬಂದಿದ್ದರೆ ನಾನು ಎದ್ದು ಹೋಗಿಬಿಡುತ್ತಿದ್ದೆನೋ ಏನೋ. ನಾಲ್ಕು ಗಂಟೆಗೆ ಮೆಸೇಜ್ ಅಳಿಸಿದೆ. ಬೆಳಗ್ಗೆ ಬ್ಲೌಸಿಗೆ 15ರಂತೆ 210 ರೂಪಾಯಿ ಎಣಿಸಿ ಕೊಟ್ಟರು.

ಹನ್ನೊಂದು ದಿನ ಅವರ ಮನೆಯಲ್ಲೇ ಮಲಗಿದೆ. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋದು ಹಳೇ ರೂಢಿ. ಅಕ್ಕ ಮಾತಾಡಿ ಆರು ತಿಂಗಳಿಗೆ ಇಳಿಸಿದರು. ಆದರೂ 30,000 ಬೇಕಲ್ಲ. ಅವರದೊಂದು 50,000ದ ಚೀಟಿ ಇತ್ತು. ಕೊನೆಗೆ ಎತ್ತಿ ಓವರ್‌ಲಾಕ್ ಮಷಿನ್ ತಗೋಬೇಕು ಅಂತ ಇಟ್ಟುಕೊಂಡಿದ್ದರು. ನನಗೋಸ್ಕರ ಆರನೇ ತಿಂಗಳಿಗೇ ಕೂಗಿ ಎತ್ತಿದರು. ಬೇಗ ಎತ್ತಿದರೆ ಜಾಸ್ತಿ ಬಿಡಬೇಕು, ಕೈಗೆ ಬಂದಿದ್ದು 39,000. ಆ ನಷ್ಟದ ವಿಷಯ ಅವರು ಇವತ್ತಿಗೂ ಎತ್ತಿಲ್ಲ, ನನಗೆ ಗೊತ್ತಾಗಿದ್ದು ಚೀಟಿ ನಡೆಸುವವರಿಂದ. "ತಿಂಗಳ ಕಂತು ನೀನು ಕಟ್ಟು, ಸಾಕು" ಅಂದಿದ್ದರು, ಅಷ್ಟೇ.

ಅಳತೆ ಪುಸ್ತಕದಲ್ಲಿ ನನ್ನ ಕುರ್ತಾ ಅಳತೆಯ ಕೆಳಗೇ ಕಂತು ಬರೆದಿಡುತ್ತಿದ್ದರು. ನಿನ್ನೆ ಹನ್ನೆರಡನೆಯದನ್ನು ಬರೆದು, ಗೆರೆ ಎಳೆದು, "ಸ್ವಲ್ಪ ಮೈ ಕೈ ತುಂಬಿಕೊಂಡಿದ್ದೀಯ, ಈ ಅಳತೆ ಆಗಲ್ಲ, ನಿಲ್ಲು" ಅಂತ ಟೇಪ್ ತೆಗೆದರು.

ಅಕ್ಕಾ, ಮುಂದಿನ ತಿಂಗಳೂ 2,500 ತರುತ್ತೇನೆ. ಬೇಡ ಅನ್ನಬೇಡಿ. ಅದು ಓವರ್‌ಲಾಕ್ ಮಷಿನ್‌ಗೆ.